ಸಮುದ್ರದಲ್ಲಿ ಹೋದವರ ಹೆಸರನ್ನು ಊರಲ್ಲಿ ನಿಲ್ಲಿಸುವುದು ಹೇಗೆ?

ನವೆಂಬರ್ ಮುಗಿಯುತ್ತಿದ್ದಂತೆ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ. “ನಮ್ಮ ದೊಡ್ಡಪ್ಪ ನೇವಿಯಲ್ಲಿದ್ದರಂತೆ, ಯುದ್ಧದಲ್ಲಿ ಹಡಗಿನ ಜೊತೆಗೇ ಮುಳುಗಿಹೋದರಂತೆ. ಅವರ ಹೆಸರಲ್ಲಿ ಊರಲ್ಲಿ ಏನಾದರೂ ಮಾಡಬೇಕು ಅಂತಿದ್ದೀವಿ ಸಾರ್, ಎಲ್ಲಿಂದ ಶುರು ಮಾಡೋದು?” ಕೇಳುವವರು ಒಂದು ಸಲ ಮುಳಬಾಗಿಲಿನವರು, ಇನ್ನೊಂದು ಸಲ ಗೌರಿಬಿದನೂರಿನವರು, ಮತ್ತೊಂದು ಸಲ ಕುಣಿಗಲ್ ಕಡೆಯವರು. ಪ್ರಶ್ನೆ ಅದೇ, ಅದರೊಳಗಿನ ‘ಅಂತೆ’ಯೂ ಅದೇ.

ಮೊದಲು ಆ ‘ಅಂತೆ’ಯನ್ನು ತೆಗೆಯಬೇಕು, ಕಲ್ಲು ಆಮೇಲೆ. ಭೂಸೇನೆಯಲ್ಲಿ ತೀರಿಕೊಂಡವರ ಮನೆಗೆ ಪಾರ್ಥಿವ ಶರೀರವೋ ಅಸ್ಥಿಯೋ ಬಂದಿರಬಹುದು, ರೆಜಿಮೆಂಟಿನ ಜೊತೆಗಾರರು ಬಂದು ಮಾತಾಡಿಸಿ ಹೋಗಿರಬಹುದು. ಹಡಗು ಮುಳುಗಿದರೆ ಜೊತೆಗಾರರೂ ಅಲ್ಲೇ ಮುಳುಗಿರುತ್ತಾರೆ. ಸಮುದ್ರವನ್ನೇ ನೋಡದ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಎಂಬ ನಮ್ಮ ಮೂರು ಜಿಲ್ಲೆಗಳ ಹಳ್ಳಿಗಳಿಗೆ ಬಂದದ್ದು ಒಂದು ತಂತಿ, ಅಂದರೆ ಟೆಲಿಗ್ರಾಂ, ಆಮೇಲೆ ಒಂದೆರಡು ಇಂಗ್ಲಿಷ್ ಕಾಗದ. ಓದಿ ಹೇಳಿದವರು ಯಾರೋ, ಕೇಳಿಸಿಕೊಂಡವರು ಯಾರೋ. ಐವತ್ತು ವರ್ಷ ಕಳೆದ ಮೇಲೆ ಹಡಗಿನ ಹೆಸರು ಬದಲಾಗಿರುತ್ತದೆ, ತಾರೀಖು ಬದಲಾಗಿರುತ್ತದೆ, ಕೆಲವು ಸಲ ಯುದ್ಧವೇ ಬದಲಾಗಿರುತ್ತದೆ.

ಕನಿಷ್ಠ ಆರು ತಿಂಗಳು ಕೈಯಲ್ಲಿಟ್ಟುಕೊಂಡು ಹೊರಡಿ. ಡಿಸೆಂಬರ್ 4ರ ನೌಕಾಪಡೆ ದಿನಕ್ಕೆ ಅನಾವರಣ ಆಗಲೇಬೇಕು ಎಂದು ನವೆಂಬರ್ 20ಕ್ಕೆ ಫೋನ್ ಮಾಡುವವರಿಗೆ ನಾನು ಹೇಳುವುದು ಒಂದೇ: ಮುಂದಿನ ಡಿಸೆಂಬರ್‌ಗೆ ಇಟ್ಟುಕೊಳ್ಳಿ.

ಬೇಕಾದ್ದು ಹೆಚ್ಚೇನಿಲ್ಲ. ಒಂದು ನೂರು ಪುಟದ ನೋಟ್‌ಬುಕ್, ಕಾಗದ ಹಾಕಿಡಲು ಒಂದು ಪ್ಲಾಸ್ಟಿಕ್ ಫೈಲು, ಕ್ಯಾಮೆರಾ ಇರುವ ಫೋನು, ಮತ್ತು ಅರ್ಜಿಗೆ ಸಹಿ ಹಾಕಲು ಮೃತರ ಹತ್ತಿರದ ಬಂಧು ಒಬ್ಬರು. ಹೆಂಡತಿ, ಮಕ್ಕಳು ಇದ್ದರೆ ಅವರೇ. ಇಲ್ಲದಿದ್ದರೆ ಒಡಹುಟ್ಟಿದವರು, ಅವರ ಮಕ್ಕಳು. ಇಲ್ಲೇ ಒಂದು ಎಚ್ಚರಿಕೆ. ಗಂಡ ತೀರಿಕೊಂಡ ಮೇಲೆ ಹೆಂಡತಿ ತವರಿಗೆ ಹೋಗಿರಬಹುದು, ಮರುಮದುವೆ ಆಗಿರಬಹುದು, ಎರಡು ಮನೆಗಳ ನಡುವೆ ಮಾತು ನಿಂತು ಕಾಲವಾಗಿರಬಹುದು. ಅವರನ್ನು ಬಿಟ್ಟು ಕೆಲಸ ಶುರು ಮಾಡಿದರೆ ಅನಾವರಣದ ದಿನ ಜಗಳ ಖಚಿತ. ಸಾಮಾನ್ಯವಾಗಿ ಹಳೆಯ ಕಾಗದಗಳೂ ಆ ಮನೆಯಲ್ಲೇ ಇರುತ್ತವೆ.

1. ಟ್ರಂಕು ಇಳಿಸಿ

ಅಟ್ಟದ ಮೇಲಿನ ತಗಡಿನ ಟ್ರಂಕು, ದೇವರ ಗೂಡು, ಅಜ್ಜಿಯ ರೇಷ್ಮೆ ಸೀರೆಯ ಅಡಿಯ ಕಾಗದದ ಕಟ್ಟು, ಗೋಡೆಗೆ ಹಾಕಿದ ಫೋಟೋದ ಹಿಂಬದಿ, ಯಾವುದನ್ನೂ ಬಿಡಬೇಡಿ. ನೀವು ಮುಖ್ಯವಾಗಿ ಹುಡುಕುತ್ತಿರುವುದು ಸೇವಾ ಸಂಖ್ಯೆ. ನೌಕಾಪಡೆ ಪ್ರತಿಯೊಬ್ಬ ನಾವಿಕನಿಗೂ ಕೊಡುವ ನಂಬರು ಅದು. ಒಂದೇ ಹೆಸರಿನವರು ಹತ್ತು ಜನ ಇರಬಹುದು, ಒಂದು ನಂಬರಿನವರು ಒಬ್ಬರೇ. ಪಿಂಚಣಿ ಆದೇಶದ ಮೇಲೆ, ಹಳೆಯ ಮನಿಯಾರ್ಡರ್ ಚೂರಿನ ಮೇಲೆ, ತಂತಿಯಲ್ಲಿ, ಪದಕದ ಅಂಚಿನಲ್ಲಿ ಅದು ಸಿಗಬಹುದು.

ಆಮೇಲೆ ಕಾಗದಗಳು. ಇನ್‌ಲ್ಯಾಂಡ್ ಲೆಟರಿನ ಹಿಂಬದಿಯ ವಿಳಾಸ ನೋಡಿ. ‘ಫ್ಲೀಟ್ ಮೇಲ್ ಆಫೀಸ್, ಬಾಂಬೆ’ ಎಂದಿದ್ದರೆ ಅವರು ಬೊಂಬಾಯಿಯಲ್ಲಿ ಮನೆ ಮಾಡಿಕೊಂಡಿದ್ದರು ಎಂದಲ್ಲ. ಹಡಗುಗಳ ಟಪಾಲನ್ನೆಲ್ಲ ಒಂದು ಕಡೆ ಸೇರಿಸಿ ಹಂಚುವ ನೌಕಾಪಡೆಯ ಅಂಚೆ ಕೇಂದ್ರ ಅದು. ಹಡಗು ಎಲ್ಲಿದ್ದರೂ ವಿಳಾಸ ಅದೇ. ‘56 ಎಪಿಒ’, ‘99 ಎಪಿಒ’ ಎಂದಿದ್ದರೆ ಅದು ಸೇನಾ ಅಂಚೆ. ಅಂಥ ಕಾಗದ ಸಿಕ್ಕರೆ ನಿಮ್ಮವರು ನೇವಿಯಲ್ಲಿದ್ದರೋ ಆರ್ಮಿಯಲ್ಲಿದ್ದರೋ ಎಂದು ಮತ್ತೊಮ್ಮೆ ಕೇಳಿಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ಎರಡಕ್ಕೂ ‘ಮಿಲ್ಟ್ರಿ’ ಎಂಬ ಒಂದೇ ಮಾತು.

ತಾರೀಖು ಇಲ್ಲದ ಕಾಗದಕ್ಕೆ ಒಂದು ಸಣ್ಣ ಉಪಾಯ ಉಂಟು. ಆರಂಕಿಯ ಪಿನ್‌ಕೋಡ್ ಜಾರಿಗೆ ಬಂದದ್ದು 15 ಆಗಸ್ಟ್ 1972ರಂದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಆ ಕಾಗದ 1971ರ ಯುದ್ಧಕ್ಕಿಂತ ಮುಂಚಿನದಾಗಿರಲು ಸಾಧ್ಯವಿಲ್ಲ. ‘ಬಾಂಬೆ–1’ ಎಂದು ಬರೆದಿದ್ದರೆ ಹಳೆಯ ಪದ್ಧತಿ.

ಈ ಹಂತದಲ್ಲಿ ಅತಿ ಹೆಚ್ಚು ಜನ ಎಡವುವುದು ‘ಐಎನ್‌ಎಸ್’ ಎಂಬ ಮೂರಕ್ಷರದಲ್ಲಿ. ಅದರ ಅರ್ಥ ಭಾರತೀಯ ನೌಕಾಪಡೆಯ ಹಡಗು ಎಂದೇ. ಆದರೆ ನೌಕಾಪಡೆ ತನ್ನ ನೆಲದ ಮೇಲಿನ ತರಬೇತಿ ಕೇಂದ್ರಗಳಿಗೂ ಹಡಗಿನ ಹಾಗೆಯೇ ಹೆಸರಿಡುತ್ತದೆ. ಐಎನ್‌ಎಸ್ ವಲ್ಸುರ ಜಾಮ್‌ನಗರದಲ್ಲಿ ವಿದ್ಯುತ್ ವಿಭಾಗದವರಿಗೆ ತರಬೇತಿ ಕೊಡುವ ಜಾಗ. ಐಎನ್‌ಎಸ್ ಶಿವಾಜಿ ಲೋನಾವಳದಲ್ಲಿ, ಎಂಜಿನ್ ವಿಭಾಗದವರಿಗೆ. ಐಎನ್‌ಎಸ್ ಹಮ್ಲಾ ಮುಂಬೈನ ಮಲಾಡ್‌ನಲ್ಲಿ. ಕಾಗದದಲ್ಲಿ ಈ ಹೆಸರು ಇದೆ ಎಂದು ಆ ‘ಹಡಗು’ ಮುಳುಗಿತು ಎಂದುಕೊಳ್ಳಬೇಡಿ. ‘ವಲ್ಸುರ ಹಡಗಿನಲ್ಲಿ ವೀರಮರಣ’ ಎಂದು ಕೆತ್ತಿ ಬಣ್ಣವನ್ನೂ ತುಂಬಿಸಿದ್ದ ಒಂದು ಫಲಕವನ್ನು ನಾನೇ ನೋಡಿದ್ದೇನೆ. ಮನೆಯವರಿಗೆ ಹೇಳಲು ಬಾಯಿ ಬರಲಿಲ್ಲ.

ಫೋಟೋ ಇದ್ದರೆ ಫೋನಿನಲ್ಲಿ ತೆಗೆದು ದೊಡ್ಡದು ಮಾಡಿ ನೋಡಿ. ಟೋಪಿಯ ಸುತ್ತಲಿನ ಪಟ್ಟಿಯ ಮೇಲೆ ಅಕ್ಷರ ಇರುತ್ತದೆ. ತೋಳಿನ ಮೇಲೆ ಒಂದೇ ಲಂಗರು ಇದ್ದರೆ ‘ಲೀಡಿಂಗ್’ ದರ್ಜೆ, ಅಡ್ಡಡ್ಡ ಎರಡು ಲಂಗರು ಇದ್ದರೆ ‘ಪೆಟಿ ಆಫೀಸರ್’ ಎಂದು ಅಂದಾಜು ಮಾಡಬಹುದು. ಪೆಟಿ ಆಫೀಸರ್ ಎಂಬುದರಲ್ಲಿ ‘ಆಫೀಸರ್’ ಇದ್ದರೂ ಅವರು ನಾವಿಕರ ಸಾಲಿನವರೇ, ಹವಾಲ್ದಾರರಿಗೆ ಸಮ. “ನಮ್ಮ ತಾತ ಆಫೀಸರ್ ಆಗಿದ್ದರು” ಎಂಬ ಮನೆಮಾತು ಹುಟ್ಟುವುದು ಇಲ್ಲೇ. ಅರ್ಜಿ ಯಾವ ಕಚೇರಿಗೆ ಹೋಗಬೇಕು ಎಂಬುದು ಈ ವ್ಯತ್ಯಾಸದ ಮೇಲಿದೆ.

ಇನ್ನು ಪದಕ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಚಿಂತಾಮಣಿ ಕಡೆಯ ಒಂದು ಮನೆಯಲ್ಲಿ ಪ್ರತಿ ಆಯುಧಪೂಜೆಗೂ ತಾಮ್ರದ ಚೊಂಬು, ದೀಪದ ಕಂಬಗಳ ಜೊತೆ ಪದಕವನ್ನೂ ಹುಣಸೆಹುಳಿ, ಸಬೀನಾ ಹಾಕಿ ತಿಕ್ಕುತ್ತಿದ್ದರು. ನನ್ನ ಕೈಗೆ ಕೊಟ್ಟಾಗ ಬಂಗಾರದ ಹಾಗೆ ಹೊಳೆಯುತ್ತಿತ್ತು, ಅಂಚಿನಲ್ಲಿದ್ದ ಸಂಖ್ಯೆಯಲ್ಲಿ ಉಳಿದಿದ್ದದ್ದು ಎರಡು ಅಂಕಿ. ಸ್ವತಂತ್ರ ಭಾರತದ ಪದಕಗಳ ಅಂಚಿನಲ್ಲಿ ಅಥವಾ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಸಂಖ್ಯೆ, ದರ್ಜೆ, ಹೆಸರು ಇರುತ್ತದೆ. ಸಂಜೆಯ ಓರೆ ಬಿಸಿಲಿಗೆ ಹಿಡಿದು ಓದಿ. 1971ರ ಪಶ್ಚಿಮದ ಯುದ್ಧಕ್ಕೆ ಕೊಟ್ಟದ್ದು ಪಶ್ಚಿಮಿ ಸ್ಟಾರ್, ಪೂರ್ವಕ್ಕೆ ಪೂರ್ವಿ ಸ್ಟಾರ್, ಜೊತೆಗೆ ಸಂಗ್ರಾಮ್ ಪದಕ. ಎರಡನೇ ಮಹಾಯುದ್ಧದ ಸ್ಟಾರ್‌ಗಳ ಮೇಲೂ ನಮ್ಮವರ ಹೆಸರು ಕೆತ್ತಿರಬಹುದು, ಹಿಂಬದಿ ನೋಡಿ; ಇಲ್ಲದಿದ್ದರೆ ಗಾಬರಿ ಬೇಡ.

2. ಯಾವ ನೇವಿ, ಯಾವ ಯುದ್ಧ?

‘ಹಡಗಿನಲ್ಲಿ ಕೆಲಸ’ ಎಂದರೆ ನೌಕಾಪಡೆಯೂ ಆಗಬಹುದು, ಸರಕು–ಪ್ರಯಾಣಿಕರ ಹಡಗುಗಳ ಮರ್ಚೆಂಟ್ ನೇವಿಯೂ ಆಗಬಹುದು. ಮರ್ಚೆಂಟ್ ನೇವಿಯವರು ಸೈನಿಕರಲ್ಲ, ಕಂಪನಿಯ ನೌಕರರು. ಆದರೂ ಎರಡನೇ ಮಹಾಯುದ್ಧದಲ್ಲಿ ಶತ್ರುಗಳ ಟಾರ್ಪೆಡೊಗೆ (ನೀರೊಳಗೆ ಸಾಗಿ ಹಡಗಿಗೆ ಬಡಿಯುವ ಸಿಡಿತಲೆಗೆ) ಸಿಕ್ಕಿ ಸತ್ತ ಭಾರತೀಯರಲ್ಲಿ ಅವರ ಸಂಖ್ಯೆಯೇ ದೊಡ್ಡದು. ಕೋಸ್ಟ್ ಗಾರ್ಡ್ ಹುಟ್ಟಿದ್ದೇ 1977ರಲ್ಲಿ, ಆದ್ದರಿಂದ ಅದಕ್ಕಿಂತ ಹಿಂದಿನವರ ವಿಷಯದಲ್ಲಿ ಅದನ್ನು ಬಿಟ್ಟುಬಿಡಿ.

1947ಕ್ಕೆ ಮುಂಚೆ ಇದ್ದದ್ದು ರಾಯಲ್ ಇಂಡಿಯನ್ ನೇವಿ. ಅದರ ಹಡಗುಗಳ ಹೆಸರಿನ ಮುಂದೆ ‘ಎಚ್‌ಎಂಐಎಸ್’ ಎಂದಿರುತ್ತದೆ. 1950ರ ಗಣರಾಜ್ಯದ ನಂತರವೇ ‘ಐಎನ್‌ಎಸ್’. ಸ್ವಾತಂತ್ರ್ಯಾನಂತರ 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ಹೊತ್ತಿಗೆ ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪಕ್ಕೆ ಇಳಿದ ನೌಕಾಪಡೆಯವರಲ್ಲಿ ಏಳು ಮಂದಿ ತೀರಿಕೊಂಡರು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಐಎನ್‌ಎಸ್ ಖುಕ್ರಿ. 1971ರ ಡಿಸೆಂಬರ್ 9ರ ರಾತ್ರಿ, ಗುಜರಾತಿನ ತುದಿಯಲ್ಲಿರುವ ದಿಯು ದ್ವೀಪದ ಆಚೆಯ ಸಮುದ್ರದಲ್ಲಿ ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿ ಬಿಟ್ಟ ಟಾರ್ಪೆಡೊ ತಗುಲಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು, ಒಟ್ಟು 194 ಜನ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡದೆ ಅದರ ಜೊತೆಗೇ ಹೋದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಹಾಗೆಂದು 1971ರಲ್ಲಿ ಸತ್ತ ನೇವಿಯವರೆಲ್ಲ ಖುಕ್ರಿಯವರೇ ಎಂದು ತೀರ್ಮಾನಿಸಬೇಡಿ. ಆ ಹೆಸರು ಪ್ರಸಿದ್ಧವಾದ್ದರಿಂದ ಎಲ್ಲರ ನೆನಪೂ ಅಲ್ಲಿಗೇ ಜಾರುತ್ತದೆ. ಡಿಸೆಂಬರ್ 9 ಬಿಟ್ಟು ಬೇರೆ ತಾರೀಖು ನಿಮ್ಮ ಮನೆಯ ಕಾಗದದಲ್ಲಿದ್ದರೆ ಕಾಗದವನ್ನು ನಂಬಿ.

ಎರಡು ಪದಗಳ ಅರ್ಥ ಇಲ್ಲೇ ತಿಳಿದುಕೊಳ್ಳಿ. ಯುದ್ಧ, ಶತ್ರುವಿನ ದಾಳಿಯಲ್ಲಿ ಆದ ಸಾವಿಗೆ ಸೇನಾ ಕಡತಗಳಲ್ಲಿ ‘ಬ್ಯಾಟಲ್ ಕ್ಯಾಶುವಾಲ್ಟಿ’ ಎನ್ನುತ್ತಾರೆ. ಸೇವೆಯಲ್ಲಿದ್ದಾಗ ಅಪಘಾತ, ಕಾಯಿಲೆಯಿಂದ ಆದದ್ದಕ್ಕೆ ‘ಫಿಸಿಕಲ್ ಕ್ಯಾಶುವಾಲ್ಟಿ’. ಯುದ್ಧ ನಡೆಯುತ್ತಿದ್ದಾಗಲೇ ಸತ್ತರೂ ಎರಡನೆಯದರಲ್ಲಿ ದಾಖಲಾಗಿರಬಹುದು. ‘ಹುತಾತ್ಮ’ ಎಂಬುದು ನಾವು ಪ್ರೀತಿಯಿಂದ ಬಳಸುವ ಮಾತು, ಸೇನೆಯ ಕಡತದ ಮಾತಲ್ಲ. ಕಲ್ಲಿನ ಮೇಲೆ ಬೇಕಾದರೆ ಬರೆಸಿ. ಅರ್ಜಿಯಲ್ಲಿ ಮಾತ್ರ ‘ಬ್ಯಾಟಲ್ ಕ್ಯಾಶುವಾಲ್ಟಿಯೇ, ತಿಳಿಸಿ’ ಎಂದು ಕೇಳಿ.

3. ಹೆಸರಿನ ಎಲ್ಲ ರೂಪ ಬರೆದಿಟ್ಟುಕೊಳ್ಳಿ

ನಮ್ಮ ಕಡೆಯವರ ಹೆಸರುಗಳು ನೌಕಾಪಡೆಯ ಫಾರಂಗೆ ಹೊಂದುವುದೇ ಇಲ್ಲ. ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು ಎಂಬುದು ನಮ್ಮ ಲೆಕ್ಕ. ಅವರಿಗೆ ಮೊದಲ ಹೆಸರು, ಕೊನೆಯ ಹೆಸರು ಬೇಕು. ಹೀಗಾಗಿ ಮುನಿಸ್ವಾಮಪ್ಪ ಎಂಬವರು ಕಡತದಲ್ಲಿ ಮುನಿಸ್ವಾಮಿ, ಮುನುಸಾಮಿ, ಮುನಿ ಸ್ವಾಮಿ, ಕೊನೆಗೆ ಬರೀ ಸ್ವಾಮಿಯೂ ಆಗಿರಬಹುದು. ವೆಂಕಟರವಣಪ್ಪ ವೆಂಕಟರಮಣನಾಗಿರುತ್ತಾರೆ. ಕೆಜಿಎಫ್‌ನವರಾದರೆ ತಮಿಳು ಉಚ್ಚಾರದ ರೂಪವನ್ನೂ ಸೇರಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಸಾಧ್ಯವಿರುವ ಆರೇಳು ಕಾಗುಣಿತ ನೋಟ್‌ಬುಕ್ಕಿನ ಒಂದೇ ಪುಟದಲ್ಲಿರಲಿ.

ಊರಿನ ಕಥೆ ಇನ್ನೂ ಸ್ವಾರಸ್ಯ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮುಂಚೆ ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರು ಎಲ್ಲವೂ ಕೋಲಾರ ಜಿಲ್ಲೆ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದದ್ದು 1 ನವೆಂಬರ್ 1973ರಂದು. ಹಾಗಾಗಿ 1971ರ ಕಡತದಲ್ಲಿ ಬಾಗೇಪಲ್ಲಿಯವರು ‘ಕೋಲಾರ ಜಿಲ್ಲೆ, ಮೈಸೂರು ರಾಜ್ಯ’. ಬಂಗಾರಪೇಟೆ ಹಳೆಯ ಕಾಗದಗಳಲ್ಲಿ ಬೌರಿಂಗ್‌ಪೇಟೆ. ತುಮಕೂರು 2014ರವರೆಗೆ ಇಂಗ್ಲಿಷಿನಲ್ಲಿ ‘ತುಮ್ಕೂರ್’. ‘ಚಿಕ್ಕಬಳ್ಳಾಪುರ ಜಿಲ್ಲೆ’ ಎಂದು ಹುಡುಕಿ, ಇಲ್ಲ ಎಂದು ಕೈಚೆಲ್ಲಿ ಕೂತವರು ಅನೇಕರು.

4. ಪಟ್ಟಿಗಳಲ್ಲಿ ಹುಡುಕಿ

1947ರ ನಂತರದವರಾದರೆ ಮೊದಲು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಪಟ್ಟಿ. ಇಂಡಿಯಾ ಗೇಟ್ ಪಕ್ಕದಲ್ಲಿ 25 ಫೆಬ್ರವರಿ 2019ರಂದು ಉದ್ಘಾಟನೆಯಾದ ಈ ಸ್ಮಾರಕದ ‘ತ್ಯಾಗ ಚಕ್ರ’ದ ಗೋಡೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗ್ರಾನೈಟ್ ಇಟ್ಟಿಗೆ, ಅದರ ಮೇಲೆ ಹೆಸರು. ಉದ್ಘಾಟನೆಯ ಹೊತ್ತಿಗೇ 25,942 ಹೆಸರುಗಳಿದ್ದವು. ಸ್ಮಾರಕದ ಜಾಲತಾಣದಲ್ಲಿ ಕೂತಲ್ಲಿಂದಲೇ ಹುಡುಕಬಹುದು. ಹೆಸರಿನಿಂದ ಸಿಗದಿದ್ದರೆ ಸೇವಾ ಸಂಖ್ಯೆಯಿಂದ ನೋಡಿ, ಅದೂ ಆಗದಿದ್ದರೆ ನೌಕಾಪಡೆ ಮತ್ತು ವರ್ಷ ಆರಿಸಿಕೊಂಡು ಇಡೀ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ. ಕಣ್ಣು ನೋಯುತ್ತದೆ. ಆದರೆ ಯಂತ್ರಕ್ಕೆ ಸಿಗದ ಕಾಗುಣಿತ ಕಣ್ಣಿಗೆ ಸಿಗುತ್ತದೆ.

ಎರಡನೇ ಮಹಾಯುದ್ಧದವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣ. ಎರಡೂ ಮಹಾಯುದ್ಧಗಳಲ್ಲಿ ಸತ್ತವರ ಸಮಾಧಿ, ಸ್ಮಾರಕ, ಹೆಸರಿನ ಪಟ್ಟಿ ನೋಡಿಕೊಳ್ಳುವ ಸಂಸ್ಥೆ ಇದು. ಹುಡುಕಲು ಹಣ ಕೇಳುವುದಿಲ್ಲ. 3 ಸೆಪ್ಟೆಂಬರ್ 1939ರಿಂದ 31 ಡಿಸೆಂಬರ್ 1947ರವರೆಗಿನ ಸಾವುಗಳು ಅದರ ಲೆಕ್ಕಕ್ಕೆ ಬರುತ್ತವೆ. ಸಮುದ್ರವೇ ಸಮಾಧಿಯಾದ ರಾಯಲ್ ಇಂಡಿಯನ್ ನೇವಿಯವರನ್ನೂ ಮರ್ಚೆಂಟ್ ನೇವಿಯ ಸಾವಿರಾರು ಜನರನ್ನೂ ಮುಂಬೈ ಮತ್ತು ಚಿತ್ತಗಾಂಗ್ ಸ್ಮಾರಕಗಳ ಹೆಸರಿನಲ್ಲಿ ದಾಖಲಿಸಿದ್ದಾರೆ. ಹುಡುಕುವಾಗ ಮೊದಲು ನೇವಿ ಎಂದೂ ಆಮೇಲೆ ಮರ್ಚೆಂಟ್ ನೇವಿ ಎಂದೂ ಎರಡು ಸಲ ನೋಡಿ. ಚಿತ್ತಗಾಂಗ್ ಎಂದು ಕಂಡರೆ ಅಲ್ಲಿ ಮಣ್ಣು ಮಾಡಿದ್ದಾರೆ ಎಂದಲ್ಲ, ಹೆಸರು ಮಾತ್ರ ಅಲ್ಲಿದೆ.

ಸಿಕ್ಕಿದ ಪುಟವನ್ನು ಆಗಲೇ ಪ್ರಿಂಟ್ ತೆಗೆದು ಫೈಲಿಗೆ ಹಾಕಿ.

5. ನೌಕಾಪಡೆಗೆ ಬರೆಯಿರಿ

ನಾವಿಕರ ಸೇವಾ ದಾಖಲೆ ಇರುವುದು ಮುಂಬೈನಲ್ಲಿ: ಬ್ಯೂರೋ ಆಫ್ ಸೈಲರ್ಸ್, ಚೀತಾ ಕ್ಯಾಂಪ್, ಮಾನ್‌ಖುರ್ದ್, ಮುಂಬೈ 400088. ಅಧಿಕಾರಿಗಳ ದಾಖಲೆ ದೆಹಲಿಯ ನೌಕಾಪಡೆ ಪ್ರಧಾನ ಕಚೇರಿಯ ಕಡೆ. ಪತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಲಿ. ಊರಿನ ಹೈಸ್ಕೂಲ್ ಮೇಷ್ಟ್ರ ಕೈಲಿ ಬರೆಸಿದರೆ ಸಾಕು. ಒಂದೇ ಪುಟ, ಸ್ಪೀಡ್ ಪೋಸ್ಟ್, ರಸೀದಿ ಫೈಲಿಗೆ.

ಕೇಳಬೇಕಾದ್ದು ಇಷ್ಟು: ಪೂರ್ಣ ಹೆಸರು ಕಡತದಲ್ಲಿ ಹೇಗಿದೆ, ಸೇವಾ ಸಂಖ್ಯೆ, ದರ್ಜೆ ಮತ್ತು ವಿಭಾಗ, ಸೇರಿದ ದಿನ, ತೀರಿಕೊಂಡ ದಿನ ಯಾವ ಹಡಗಿನಲ್ಲಿದ್ದರು, ಸಾವಿನ ದಿನಾಂಕ, ಜಾಗ ಮತ್ತು ಯಾವ ವರ್ಗ, ಯಾವ ಪದಕಗಳಿಗೆ ಹಕ್ಕಿತ್ತು, ಕಡತದಲ್ಲಿ ಫೋಟೋ ಇದೆಯೇ. ಜೊತೆಗೆ ನಿಮ್ಮ ಸಂಬಂಧ ತೋರಿಸುವ ಕಾಗದದ ನಕಲು. ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷ ಸಾಕು.

ದೊಡ್ಡ ತಪ್ಪು: ಇದೇ ಪತ್ರದಲ್ಲಿ ಪಿಂಚಣಿ, ಜಮೀನು, ನೌಕರಿ ಎಲ್ಲವನ್ನೂ ಕೇಳುವುದು. ಆಗ ಪತ್ರ ಪಿಂಚಣಿ ಶಾಖೆಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದು ಮೇಜಿಗೆ, ನೀವು ಕೇಳಿದ ಹಡಗಿನ ಹೆಸರು ಯಾರೂ ಹೇಳುವುದಿಲ್ಲ. ಪಿಂಚಣಿಯ ತಕರಾರು ಇದ್ದರೆ ಅದಕ್ಕೆ ಬೇರೆ ಪತ್ರ. ಅದರಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ನೆರವಾಗುತ್ತದೆ. ನಿಮ್ಮ ತಾಲ್ಲೂಕು ಯಾವ ಸೈನಿಕ ಕಲ್ಯಾಣ ಕಚೇರಿಗೆ ಸೇರುತ್ತದೆ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ. ‘ಎಲ್ಲಾ ಮಾಡಿಸಿಕೊಡ್ತೀನಿ’ ಎಂದು ಮುಂಗಡ ಕೇಳುವವರು ಬಂದರೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ. ಈ ದಾರಿಯಲ್ಲಿ ನಿಮಗೆ ಬೀಳುವ ಖರ್ಚು ಅಂಚೆ, ಜೆರಾಕ್ಸ್, ಆರ್‌ಟಿಐ ಶುಲ್ಕ ಅಷ್ಟೇ.

ಎರಡು ತಿಂಗಳಾದರೂ ಉತ್ತರ ಬರಲಿಲ್ಲವೇ? ಮಾಹಿತಿ ಹಕ್ಕು, ಅಂದರೆ ಆರ್‌ಟಿಐ ಹಾಕಿ. ಕೇಂದ್ರ ಸರ್ಕಾರದ ಆರ್‌ಟಿಐ ಪೋರ್ಟಲ್‌ನಲ್ಲಿ ಭಾರತೀಯ ನೌಕಾಪಡೆಯನ್ನು ಆರಿಸಿಕೊಳ್ಳಬೇಕು, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ‘ವೈಯಕ್ತಿಕ ಮಾಹಿತಿ’ ಎಂದು ನಿರಾಕರಿಸಿದರೆ ಸುಮ್ಮನಾಗಬೇಡಿ. ಮೊದಲ ಮೇಲ್ಮನವಿಗೆ 30 ದಿನ ಅವಕಾಶವಿದೆ. ನೀವು ಬಂಧು ಎಂಬುದರ ದಾಖಲೆ ಲಗತ್ತಿಸಿ, 20 ವರ್ಷಕ್ಕಿಂತ ಹಳೆಯ ಘಟನೆಯ ಮಾಹಿತಿಗೆ ಕಾಯಿದೆಯ 8(3)ನೇ ಸೆಕ್ಷನ್ ವಿನಾಯಿತಿಗಳನ್ನು ಬಹುಪಾಲು ಸಡಿಲಿಸುತ್ತದೆ ಎಂದು ಬರೆಯಿರಿ.

ಯುದ್ಧದ ನಂತರ ಕುಟುಂಬಕ್ಕೆ ಸರ್ಕಾರಿ ಜಮೀನು ಮಂಜೂರಾಗಿದ್ದರೆ ತಾಲ್ಲೂಕು ಕಚೇರಿಯ ಆ ಮಂಜೂರಾತಿ ಕಡತದಲ್ಲೂ ಸೇವಾ ಸಂಖ್ಯೆ, ಸಾವಿನ ಪ್ರಮಾಣಪತ್ರದ ನಕಲು ಇರಬಹುದು. ಇದಕ್ಕೆ ರಾಜ್ಯದ ಆರ್‌ಟಿಐ. ರಾಜ್ಯದ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು; ಉದ್ದ ಬರೆದರೆ ಅದನ್ನೇ ಕಾರಣ ಮಾಡಿ ವಾಪಸ್ ಕಳಿಸುತ್ತಾರೆ.

ಹಳೆಯ ತಂತಿಯಲ್ಲಿ ‘ಮಿಸ್ಸಿಂಗ್, ಬಿಲೀವ್ಡ್ ಕಿಲ್ಡ್’ ಎಂದಿರಬಹುದು. ಕಾಣೆಯಾಗಿದ್ದಾರೆ, ಮೃತರೆಂದು ಭಾವಿಸಲಾಗಿದೆ ಎಂದರ್ಥ. ಊರಲ್ಲಿ ಇದನ್ನು ‘ಸಿಕ್ಕಿಲ್ಲ’ ಎಂದಷ್ಟೇ ಓದಿ ಹೇಳಿರುತ್ತಾರೆ. ಆ ಒಂದು ಪದ ಹಿಡಿದುಕೊಂಡು ವರ್ಷಗಟ್ಟಲೆ ಬಾಗಿಲು ಅಗುಳಿ ಹಾಕದೆ ಮಲಗಿದ ತಾಯಂದಿರಿದ್ದಾರೆ. ಮನೆಯ ಹಿರಿಯರಿಗೆ ಇಲಾಖೆಯ ಉತ್ತರವನ್ನು ಓದಿ ಹೇಳುವಾಗ ಇದು ನೆನಪಿರಲಿ.

6. ಜಾಗ ಮತ್ತು ಠರಾವು

ಊರ ಬಾಗಿಲಲ್ಲಿ, ಸರ್ಕಲ್‌ನಲ್ಲಿ ಪ್ರತಿಮೆ ಎಂಬ ಆಸೆ ಎಲ್ಲರದು. ಬಿಟ್ಟುಬಿಡಿ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗದಂಥ ಕಡೆ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಕೂಡದು ಎಂದು ಸುಪ್ರೀಂ ಕೋರ್ಟ್ 18 ಜನವರಿ 2013ರಂದು ರಾಜ್ಯಗಳಿಗೆ ಆದೇಶಿಸಿದೆ. ರಾತ್ರೋರಾತ್ರಿ ನಿಲ್ಲಿಸಿದರೆ ಒಂದು ದಿನ ಜೆಸಿಬಿ ಬರುತ್ತದೆ. ಅವರಿಗೆ ಆ ಅವಮಾನ ಬೇಕಿಲ್ಲ.

ಸರಿಯಾದ ಜಾಗ ಅವರು ಓದಿದ ಶಾಲೆಯ ಅಂಗಳ, ಪಂಚಾಯ್ತಿ ಕಟ್ಟಡದ ಆವರಣ, ಗ್ರಂಥಾಲಯದ ಮುಂಭಾಗ, ಇಲ್ಲವೇ ನಿಮ್ಮದೇ ಜಮೀನಿನ ರಸ್ತೆ ಬದಿ. ಶಾಲೆಯಾದರೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ನಿರ್ಣಯ ಮತ್ತು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಒಪ್ಪಿಗೆ, ಪಂಚಾಯ್ತಿಯಾದರೆ ಸಾಮಾನ್ಯ ಸಭೆಯ ಠರಾವು. ಪಿಡಿಒ ಬಾಯಲ್ಲಿ ‘ಆಯ್ತು ಮಾಡ್ಕೊಳಿ’ ಎಂದರೆ ಆಗಲಿಲ್ಲ, ಠರಾವಿನ ನಕಲು ಫೈಲಿಗೆ ಬರಬೇಕು. 2023ರ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನದಲ್ಲಿ ಪಂಚಾಯ್ತಿಗಳು ಶಿಲಾಫಲಕ ಹಾಕಿಸಿವೆ. ನಿಮ್ಮವರ ಹೆಸರು ಅದರಲ್ಲಿ ಇದೆಯೇ, ಇದ್ದರೆ ಸರಿಯಾಗಿದೆಯೇ ನೋಡಿ.

7. ಕಲ್ಲು

ಇಲ್ಲಿ ನಾನು ಸ್ವಲ್ಪ ಹೆಚ್ಚು ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಸಿಮೆಂಟ್ ಪ್ರತಿಮೆ ಬೇಡ. ಮುಖ ಹೋಲುವುದಿಲ್ಲ, ನಾಲ್ಕು ಮಳೆಗಾಲಕ್ಕೆ ಮೂಗು ಉದುರುತ್ತದೆ. ನಮ್ಮ ನೆಲಕ್ಕೆ ಇದಕ್ಕಿಂತ ಒಳ್ಳೆಯ ರೂಪ ಮೊದಲೇ ಗೊತ್ತಿತ್ತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆ ಏರಿ, ಹೊಲದ ಬದುಗಳಲ್ಲಿ ಗಂಗರ, ಬಾಣರ, ನೊಳಂಬರ ಕಾಲದ ವೀರಗಲ್ಲುಗಳು ಇಂದಿಗೂ ನಿಂತಿವೆ. ಕೆಳಗಿನ ಹಂತದಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ, ತುದಿಯಲ್ಲಿ ಸೂರ್ಯ ಚಂದ್ರ. ತುರು ಹಿಂದಿರುಗಿಸಲು ಹೋಗಿ ಸತ್ತವನಿಗೆ ಇದ್ದ ಮರ್ಯಾದೆ ಸಮುದ್ರಕ್ಕೆ ಹೋದವನಿಗೆ ಯಾಕಿರಬಾರದು? ಮುಂಬೈ ಬೋರಿವಲಿಯ ಏಕ್ಸರ್‌ನಲ್ಲಿರುವ ವೀರಗಲ್ಲುಗಳಲ್ಲಿ ಸಾಲು ಹುಟ್ಟುಗಳ ಹಡಗುಗಳ ಯುದ್ಧವೇ ಇದೆ. ಆ ಚಿತ್ರ ತೋರಿಸಿದರೆ ಮಾಲೂರು ತಾಲ್ಲೂಕು ಶಿವಾರಪಟ್ಟಣದ ಶಿಲ್ಪಿಗಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಹಡಗು ಕೆತ್ತಿಸುವುದಾದರೆ ಆ ಹಡಗಿನದೇ ಫೋಟೋ ಕೊಡಿ. ಸುಮ್ಮನೆ ‘ಯುದ್ಧದ ಹಡಗು’ ಎಂದರೆ ಸಿನಿಮಾ ಪೋಸ್ಟರಿನ ದೈತ್ಯ ಫಿರಂಗಿಗಳ ಹಡಗು ಬರುತ್ತದೆ. ಖುಕ್ರಿ ಜಲಾಂತರ್ಗಾಮಿಗಳನ್ನು ಬೇಟೆಯಾಡಲು ಕಟ್ಟಿದ ಸಣ್ಣ ಫ್ರಿಗೇಟ್. ಸುಮಾರು 94 ಮೀಟರ್ ಉದ್ದ, ಒಂದೇ ಹೊಗೆಕೊಳವೆ, ಮೇಲೆ 40 ಮಿಲಿಮೀಟರಿನ ಸಣ್ಣ ತೋಪುಗಳು ಮಾತ್ರ.

ಕೆತ್ತಿಸಬಾರದ್ದು ಎರಡು. ಸಿಂಹಗಳ ರಾಷ್ಟ್ರ ಲಾಂಛನವನ್ನು ಖಾಸಗಿಯವರು ಬಳಸುವಂತಿಲ್ಲ, 2005ರ ಕಾಯಿದೆ ಇದೆ. ನೌಕಾಪಡೆಯ ಮುದ್ರೆಯಲ್ಲೂ ಅದೇ ಲಾಂಛನ ಇರುವುದರಿಂದ ಅದೂ ಬೇಡ. ಒಂದು ಸಾದಾ ಲಂಗರು ಸಾಕು, ಯಾರೂ ಕೇಳುವುದಿಲ್ಲ. ಎರಡನೆಯದು ನೌಕಾಧ್ವಜ. ಈಗಿನ ಧ್ವಜ ಬಂದದ್ದು 2 ಸೆಪ್ಟೆಂಬರ್ 2022ರಂದು. 1971ರ ಹಡಗಿನ ಮೇಲೆ ಹಾರುತ್ತಿದ್ದದ್ದು ಬಿಳಿಯ ಮೇಲೆ ಕೆಂಪು ಶಿಲುಬೆ ಗೆರೆ, ಮೂಲೆಯಲ್ಲಿ ತ್ರಿವರ್ಣ ಇದ್ದ ಹಳೆಯ ಧ್ವಜ. ಹೊಸದನ್ನು ಹಾಕಿದರೆ ಸುಳ್ಳಾಗುತ್ತದೆ, ಹಳೆಯದನ್ನು ಹಾಕಿದರೆ ಊರಲ್ಲಿ ಚರ್ಚೆಯಾಗುತ್ತದೆ. ಬಿಟ್ಟರೆ ನಿಶ್ಚಿಂತೆ.

ಬರಹ ಚಿಕ್ಕದಿರಲಿ. ನಾನು ಸೂಚಿಸುವ ಮಾದರಿ ಇದು:

………… (ಸೇವಾ ಸಂಖ್ಯೆ …………)
ಭಾರತೀಯ ನೌಕಾಪಡೆ, ಐಎನ್‌ಎಸ್ …………
………… ಗ್ರಾಮದ ………… ಮತ್ತು ………… ಇವರ ಮಗ
ಜನನ ………… 
ಮರಣ …………, ಅರಬ್ಬಿ ಸಮುದ್ರದಲ್ಲಿ

ತಾಯಿಯ ಹೆಸರು ಬಿಡಬೇಡಿ, ಕಡತಗಳಲ್ಲಿ ಅದು ಬಹುಮಟ್ಟಿಗೆ ಇರುವುದೇ ಇಲ್ಲ. ಮರಣದ ತಾರೀಖು ಇಲಾಖೆಯ ಪತ್ರದಲ್ಲಿ ಇದ್ದಂತೆಯೇ ಇರಲಿ. ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ ಎಲ್ಲವನ್ನೂ ಬೇರೆ ಸಣ್ಣ ಫಲಕಕ್ಕೆ ಹಾಕಿ ಗೋಡೆಗೆ ತಗುಲಿಸಿ. ಹನ್ನೆರಡು ಜನಪ್ರತಿನಿಧಿಗಳ ಹೆಸರಿನ ಕೆಳಗೆ, ಎಲ್ಲರಿಗಿಂತ ಸಣ್ಣ ಅಕ್ಷರದಲ್ಲಿ ಸತ್ತವರ ಹೆಸರು ಹುಡುಕಬೇಕಾದ ಫಲಕಗಳು ನಮ್ಮಲ್ಲಿ ಬೇಕಾದಷ್ಟಿವೆ.

ಉಳಿ ಇಡುವ ಮುಂಚೆ ಅಕ್ಷರಗಳನ್ನು ನಿಜ ಅಳತೆಯಲ್ಲಿ ಕಾಗದದ ಮೇಲೆ ಬರೆಸಿ, ಕಲ್ಲಿಗೆ ಅಂಟಿಸಿ, ಮನೆಯ ಮೂವರು ಬೇರೆ ಬೇರೆಯಾಗಿ ಓದಿ ಸಹಿ ಹಾಕಿ. ಒತ್ತು, ದೀರ್ಘ ತಪ್ಪುವುದು ಇಲ್ಲೇ. ಕಂಪ್ಯೂಟರ್ ಕಟಿಂಗ್ ಮಾಡಿಸಿದರೆ ಫಾಂಟ್ ಬದಲಾಗಿ ‘ರ್ಕ’ ಒಡೆದು ಬರುವುದುಂಟು. ಬಣ್ಣ ಬಳಿದ ಅಕ್ಷರ ಹೋಗುತ್ತದೆ, ಆಳವಾಗಿ ಕೆತ್ತಿದ್ದು ಉಳಿಯುತ್ತದೆ.

8. ದಿನ, ಎಡೆ, ಅನಾವರಣ

ಡಿಸೆಂಬರ್ 4 ನೌಕಾಪಡೆ ದಿನ. 1971ರಲ್ಲಿ ಕರಾಚಿ ಬಂದರಿನ ಮೇಲೆ ನಡೆದ ದಾಳಿಯ ನೆನಪು. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 16 ವಿಜಯ ದಿವಸ. ನನ್ನನ್ನು ಕೇಳಿದರೆ ಇವ್ಯಾವುದೂ ಬೇಡ, ಅವರು ಹೋದ ದಿನವೇ ಸರಿ. ಅಂದು ಅತಿಥಿಗಳಿಗೆ ಬೇರೆ ಕಾರ್ಯಕ್ರಮ ಇರುವುದಿಲ್ಲ ಎಂಬುದೂ ಒಂದು ಅನುಕೂಲ.

ಶರೀರ ಸಿಗದ ಕಾರಣ ತಿಥಿಯನ್ನೇ ಮಾಡದ ಮನೆಗಳಿವೆ. ಪಿತೃಪಕ್ಷದ ಚತುರ್ದಶಿಯನ್ನು ಆಯುಧದಿಂದ ಸತ್ತವರಿಗೆಂದೇ ಇಟ್ಟಿದ್ದಾರೆ, ಮಹಾಲಯ ಅಮಾವಾಸ್ಯೆ ಎಲ್ಲರಿಗೂ ಇದೆ. ಹಿರಿಯರ ಹಬ್ಬದ ಎಡೆಯಲ್ಲಿ ಒಂದು ಎಲೆ ಹೆಚ್ಚಿಗೆ ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಮನೆಯ ಹಿರಿಯ ಹೆಂಗಸರನ್ನು ಮೊದಲು ಕೇಳಿ. ಬೇಡ ಎಂದರೆ ಒತ್ತಾಯ ಮಾಡಬೇಡಿ. ಕೆಜಿಎಫ್‌ನ ಕ್ರೈಸ್ತ ಕುಟುಂಬಗಳು ನವೆಂಬರ್ 2ರ ಸಕಲ ಮೃತರ ದಿನದ ಪೂಜೆಯಲ್ಲಿ ಹೆಸರು ಓದಿಸಬಹುದು.

ಅನಾವರಣಕ್ಕೆ ಕಲ್ಲಿನ ಮೇಲೆ ರಾಷ್ಟ್ರಧ್ವಜ ಹೊದಿಸಬೇಡಿ. ಪ್ರತಿಮೆ, ಸ್ಮಾರಕಕ್ಕೆ ಹೊದಿಕೆಯಾಗಿ ಧ್ವಜ ಬಳಸುವುದು ಧ್ವಜಸಂಹಿತೆಗೆ ವಿರುದ್ಧ. ಒಂದು ಬಿಳಿ ಪಂಚೆ ಸಾಕು. ಮಾಜಿ ಸೈನಿಕರ ಸಂಘದವರನ್ನು ಕರೆಯಿರಿ, ಅದರಲ್ಲೂ ನೇವಿಯಿಂದ ನಿವೃತ್ತರಾದವರು ಒಬ್ಬರಾದರೂ ಬರಲಿ. ಹಡಗಿನೊಳಗೆ ಹೇಗಿರುತ್ತದೆ, ಎಂಜಿನ್ ಕೋಣೆ ಎಷ್ಟು ಕೆಳಗಿರುತ್ತದೆ ಎಂದು ಅವರು ಐದು ನಿಮಿಷ ಹೇಳಿದರೆ ಮಕ್ಕಳು ಕೇಳುತ್ತಾರೆ. ಮನೆಯ ಕಾಗದಗಳ ಒಂದು ಜೆರಾಕ್ಸ್ ಕಟ್ಟನ್ನು ಆ ದಿನವೇ ಶಾಲೆಗೆ ಕೊಡಿ, ಮೂಲ ಪ್ರತಿ ಯಾರಿಗೂ ಕೊಡಬೇಡಿ.

9. ಹೋಗಿ ನೋಡುವುದಾದರೆ

ದಿಯುವಿನಲ್ಲಿ ಸಮುದ್ರಕ್ಕೆ ಮುಖ ಮಾಡಿ ಖುಕ್ರಿ ಸ್ಮಾರಕವಿದೆ. ಗಾಜಿನ ಗೂಡಿನೊಳಗೆ ಹಡಗಿನ ಮಾದರಿ ಇಟ್ಟಿದ್ದಾರೆ. ರೈಲಿನಲ್ಲಿ ಗುಜರಾತಿನ ವೆರಾವಲ್‌ವರೆಗೆ ಹೋಗಿ ಅಲ್ಲಿಂದ ರಸ್ತೆ. ದೆಹಲಿಯ ಸ್ಮಾರಕಕ್ಕೆ ಪ್ರವೇಶ ಉಚಿತ. ಅಲ್ಲಿ ಸಂಜೆಯ ಹೊತ್ತು ಒಬ್ಬ ಯೋಧನ ಹತ್ತಿರದ ಬಂಧುಗಳ ಕೈಯಿಂದ ಪುಷ್ಪಚಕ್ರ ಇಡಿಸುವ ಪದ್ಧತಿ ಇದೆ, ಮೊದಲೇ ಬರೆದು ಕೇಳಿಕೊಳ್ಳಿ. ಅಷ್ಟು ದೂರ ಆಗದ ವಯಸ್ಸಾದವರನ್ನು ಕಾರವಾರಕ್ಕೆ ಕರೆದುಕೊಂಡು ಹೋಗಿ. ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ದಡಕ್ಕೆ ತಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ. 1971ರಲ್ಲಿ ಕರಾಚಿಗೆ ಹೋದ ದೋಣಿಗಳ ನಂತರ ಬಂದ ಸುಧಾರಿತ ಮಾದರಿ ಅದು. ಒಳಗೆ ಇಳಿಯುವ ಮೆಟ್ಟಿಲು ಕಡಿದು, ಮಂಡಿನೋವಿನವರು ಹೊರಗಿನಿಂದಲೇ ನೋಡಲಿ.

ಕಲ್ಲು ನಿಲ್ಲಿಸಿದ ಮೇಲೆ ಜನ ಅರಿಶಿನ ಕುಂಕುಮ ಹಚ್ಚುತ್ತಾರೆ, ದೀಪ ಇಡುತ್ತಾರೆ, ತಡೆಯಲು ಹೋಗಬೇಡಿ. ಎಣ್ಣೆ ಅಕ್ಷರದೊಳಗೆ ಇಳಿಯದ ಹಾಗೆ ದೀಪಕ್ಕೆ ಮುಂದುಗಡೆ ಬೇರೆ ಒಂದು ಚಪ್ಪಡಿ ಹಾಕಿಸಿ. ವರ್ಷಕ್ಕೊಮ್ಮೆ ಬರೀ ನೀರು, ತೆಂಗಿನ ನಾರು ಹಿಡಿದು ತೊಳೆಯಿರಿ. ಹಬ್ಬಕ್ಕೆ ಶಾಲೆಯ ಗೋಡೆಗೆ ಸುಣ್ಣ ಬಳಿಯುವವರಿಗೆ ಮಾತ್ರ ಮೊದಲೇ ಹೇಳಿಟ್ಟಿರಿ, ಬ್ರಷ್ಷು ಕಲ್ಲಿನ ಮೇಲೂ ಹೋಗುತ್ತದೆ.